ಮೊದಲ ಮ್ಯಾಗ್ನಂ ಕೊಳ್ಳುವ ಮುನ್ನ

 

ಈ ವಾರದ ವಿಷಯ ಕೇಳಿ ನಿಮ್ಮಲ್ಲಿ ಕೆಲವರು ಹುಬ್ಬೇರಿಸಿರಬಹುದು. ಶನಿವಾರದ ಕನ್ನಡ ತರಗತಿಯಲ್ಲಿ ಒತ್ತಕ್ಷರ ತಿದ್ದಿಸುವ ಆಂಟಿ ರಿವಾಲ್ವರ್ ಬಗ್ಗೆ ಮಾತಾಡೋದಾ ಅಂತ. ಹೌದು, ಮಾತಾಡುತ್ತೇನೆ. ನಾನೂ ನಮ್ಮ ಯಜಮಾನರೂ ಇಲ್ಲಿಯ ಶೂಟಿಂಗ್ ರೇಂಜಿಗೆ ಕೆಲವು ವರ್ಷಗಳಿಂದ ಹೋಗುತ್ತಿದ್ದೇವೆ. ಕಾಗದದ ಮೇಲಿನ ಕಪ್ಪು ವೃತ್ತಕ್ಕೆ ಗುರಿಯಿಡುವುದು ನನಗೆ ಇಷ್ಟದ ಹವ್ಯಾಸ. ಇದು ಗೊತ್ತಿದ್ದ ಒಬ್ಬ ಹುಡುಗ, ನಮ್ಮ ತರಗತಿಯಲ್ಲೇ ಕಲಿತವನು, ಇತ್ತೀಚೆಗೆ ಕೇಳಿದ: "ಆಂಟಿ, ನಂಗೆ ಇಪ್ಪತ್ತೊಂದಾಯ್ತು. ಟಾರ್ಗೆಟ್ ಶೂಟಿಂಗಿಗೆ ಒಂದು ಮ್ಯಾಗ್ನಂ ರಿವಾಲ್ವರ್ ತಗೋಬೇಕು ಅಂತಿದೀನಿ. 357 ತಗೊಳ್ಳಲಾ, 44 ತಗೊಳ್ಳಲಾ? ಅಮ್ಮನಿಗೆ ಇನ್ನೂ ಹೇಳಿಲ್ಲ."

ಅವನಿಗೆ ಹೇಳಿದ್ದನ್ನೇ ನಿಮಗೂ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಅಮ್ಮನಿಗೆ ಹೇಳದೆ ಇರುವ ವಿಷಯಕ್ಕೂ ಬರುತ್ತೇನೆ.

ಮೊದಲು ಹೆಸರು ನೋಡೋಣ. ಕನ್ನಡ ಎಂ.ಎ. ಮಾಡಿದವಳಿಗೆ ಪದ ಕಂಡರೆ ಅದರ ಬೇರು ಹುಡುಕುವ ಚಟ. ಮ್ಯಾಗ್ನಂ ಲ್ಯಾಟಿನ್ ಪದ, ದೊಡ್ಡದು ಎಂದು ಅರ್ಥ. ನಮ್ಮ ಮಹಾನವಮಿ, ಮಹಾರಾಜ ಎನ್ನುವಲ್ಲಿಯ 'ಮಹಾ' ಅದರ ದೂರದ ನೆಂಟ, ಇಬ್ಬರದೂ ಒಂದೇ ಮೂಲ. ಎರಡು ಮಾಮೂಲಿ ಬಾಟಲಿಯಷ್ಟು ಹಿಡಿಯುವ ಷಾಂಪೇನ್ ಬಾಟಲಿಗೂ ಮ್ಯಾಗ್ನಂ ಎಂದೇ ಹೆಸರು. ತೋಟಾದ ವಿಷಯದಲ್ಲೂ ಅರ್ಥ ಅದೇ, ಮಾಮೂಲಿಗಿಂತ ಹೆಚ್ಚು ಬಲದ್ದು.

ಕತೆ ಹೀಗಿದೆ. 38 ಸ್ಪೆಷಲ್ ಎಂಬ ತೋಟಾ 19ನೇ ಶತಮಾನದ ಕೊನೆಯಿಂದ ಬಳಕೆಯಲ್ಲಿತ್ತು. ಅಮೆರಿಕದ ಪೊಲೀಸರು ದಶಕಗಟ್ಟಲೆ ಅದನ್ನೇ ಬಳಸಿದರು. 1935ರಲ್ಲಿ ಸ್ಮಿತ್ ಅಂಡ್ ವೆಸನ್ ಮತ್ತು ವಿಂಚೆಸ್ಟರ್ ಕಂಪನಿಗಳು ಅದನ್ನೇ ಸ್ವಲ್ಪ ಉದ್ದ ಮಾಡಿ, ಒಳಗಿನ ಒತ್ತಡ ಹೆಚ್ಚಿಸಿ 357 ಮ್ಯಾಗ್ನಂ ತಂದವು. 44 ಮ್ಯಾಗ್ನಂ ಬಂದದ್ದು 1950ರ ದಶಕದ ನಡುವೆ. 1971ರ 'ಡರ್ಟಿ ಹ್ಯಾರಿ' ಸಿನಿಮಾದಲ್ಲಿ ಕ್ಲಿಂಟ್ ಈಸ್ಟ್‌ವುಡ್ ಹಿಡಿದದ್ದು ಅದನ್ನೇ. ಇವತ್ತಿಗೂ ಎಷ್ಟೋ ಹುಡುಗರು ಅಂಗಡಿಗೆ ಹೋಗಿ 44 ಕೇಳುವುದರ ಹಿಂದೆ ಆ ಸಿನಿಮಾ ಇದೆ. ಸಿನಿಮಾದಲ್ಲಿ ಗುಂಡು ಹೊಡೆದವನ ಕೈ ನೋಯುವುದಿಲ್ಲ, ಕಿವಿಯೂ ಗುಂಯ್‌ಗುಡುವುದಿಲ್ಲ. ರೇಂಜಿನಲ್ಲಿ ಎರಡೂ ಆಗುತ್ತವೆ.

ನನ್ನ ಸಲಹೆಯನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲ ಮ್ಯಾಗ್ನಂ 357 ಇರಲಿ. ಉಕ್ಕಿನದು, ಭಾರದ್ದು, ನಾಲ್ಕರಿಂದ ಆರು ಇಂಚಿನ ನಳಿಗೆಯದು, ಹಿಂದಿನ ಸೈಟನ್ನು ತಿರುಪಿನಿಂದ ಹೊಂದಿಸಲು ಬರುವಂಥದು. ತಂದ ಮೇಲೆ ಮೊದಲ ಕೆಲವು ತಿಂಗಳು ಅದರಲ್ಲಿ 38 ಸ್ಪೆಷಲ್ ತೋಟಾವನ್ನೇ ಹಾಕಿ ಕಲಿಯಿರಿ.

ಇದು ಹೇಗೆ ಸಾಧ್ಯ ಎಂದರೆ, ಹೆಸರಿನಲ್ಲಿ 38, 357 ಎಂದು ಬೇರೆಬೇರೆ ಇದ್ದರೂ ಎರಡರ ಗುಂಡಿನ ಅಡ್ಡಳತೆ ಒಂದೇ, ಸುಮಾರು 0.357 ಇಂಚು. 38 ಎನ್ನುವುದು ತೋಟಾದ ಹೊರಮೈ ಅಳತೆಯಿಂದ ಉಳಿದುಬಂದ ಹಳೆಯ ಹೆಸರು. 38ರ ಹಿತ್ತಾಳೆ ಕವಚದ ಉದ್ದ ಸುಮಾರು 29 ಮಿಲಿಮೀಟರ್, 357ರದ್ದು ಸುಮಾರು 33. ಹಾಗಾಗಿ 357 ರಿವಾಲ್ವರಿನಲ್ಲಿ 38 ಸ್ಪೆಷಲ್ ಸರಾಗವಾಗಿ ಕೂರುತ್ತದೆ. ಆದರೆ 38ರ ರಿವಾಲ್ವರಿನಲ್ಲಿ 357 ಹಾಕುವಂತಿಲ್ಲ. 38ಕ್ಕೆ ಅನುಮತಿಸಿದ ಒತ್ತಡ ಚದರ ಇಂಚಿಗೆ 17,000 ಪೌಂಡ್, 357ಕ್ಕೆ 35,000. ಕಡಿಮೆ ಒತ್ತಡದ ಹಳೆಯ ರಿವಾಲ್ವರಿನೊಳಗೆ ಯಾರೂ ಅಪ್ಪಿತಪ್ಪಿಯೂ ಹಾಕಬಾರದೆಂದೇ ಆ ಮೂರ್ನಾಲ್ಕು ಮಿಲಿಮೀಟರ್ ಉದ್ದ ಮಾಡಿದ್ದು.

ಈಗ ಕೈಗೆ ಏನು ತಾಗುತ್ತದೆ ನೋಡಿ. ನಾಲ್ಕಿಂಚಿನ ನಳಿಗೆಯಿಂದ ಮಾಮೂಲಿ 38ರ ಗುಂಡು ಸೆಕೆಂಡಿಗೆ ಸುಮಾರು 750 ಅಡಿ ವೇಗದಲ್ಲಿ ಹೊರಡುತ್ತದೆ. ಅಷ್ಟೇ ತೂಕದ 357 ಮ್ಯಾಗ್ನಂ ಗುಂಡಿನ ವೇಗ ಸುಮಾರು 1,200 ಅಡಿ. ಒಂದೇ ರಿವಾಲ್ವರಿನಲ್ಲಿ ಹೊಡೆದರೂ ಹಿಂದಕ್ಕೆ ಒದೆಯುವ ಶಕ್ತಿ ಸುಮಾರು ಮೂರು ಪಟ್ಟಾಗುತ್ತದೆ. 44 ಮ್ಯಾಗ್ನಂ ಆದರೆ ಅದರ ಹೆಚ್ಚುಕಡಿಮೆ ಇಮ್ಮಡಿ.

ನೋವು ತಡೆದುಕೊಳ್ಳಬಹುದು ಆಂಟಿ, ಜಿಮ್ಮಿಗೆ ಹೋಗ್ತೀನಿ ಎನ್ನಬೇಡಿ. ತೊಂದರೆ ತೋಳಿನದಲ್ಲ. ಟ್ರಿಗರ್ ಎಳೆಯುವ ಹೊತ್ತಿಗೆ 'ಈಗ ಒದೆಯುತ್ತದೆ' ಎಂದು ಮೈಗೆ ಮೊದಲೇ ಗೊತ್ತಾಗಿಬಿಡುತ್ತದೆ. ಕಣ್ಣು ಮುಚ್ಚಿಕೊಳ್ಳುತ್ತದೆ, ಮಣಿಕಟ್ಟು ಕೆಳಕ್ಕೆ ಜಗ್ಗುತ್ತದೆ, ಗುಂಡು ವೃತ್ತದ ಕೆಳಗೆ ಎಲ್ಲೋ ಹೋಗಿ ಬೀಳುತ್ತದೆ. ಇಲ್ಲಿಯವರು ಇದನ್ನು ಫ್ಲಿಂಚ್ ಎನ್ನುತ್ತಾರೆ. ನಾವು ಬೆಚ್ಚುವುದು ಎನ್ನೋಣ. ಒಮ್ಮೆ ಅಭ್ಯಾಸವಾದರೆ ಈ ಬೆಚ್ಚುವುದನ್ನು ಬಿಡಿಸಲು ತಿಂಗಳುಗಳೇ ಬೇಕು. ಮೊದಲ ದಿನವೇ 44 ಹಿಡಿದವರಿಗೆ ಇದು ಬಲುಬೇಗ ಅಂಟುತ್ತದೆ.

ಬೆಚ್ಚುತ್ತಿದ್ದೀರೋ ಇಲ್ಲವೋ ಎಂದು ತಿಳಿಯಲು ಸುಲಭ ಉಪಾಯವಿದೆ. ರೇಂಜಿನಲ್ಲಿ ಗೆಳೆಯರೊಬ್ಬರಿಗೆ ಹೇಳಿ ಸಿಲಿಂಡರಿನ ಆರು ಕೋಣೆಗಳಲ್ಲಿ ಕೆಲವಕ್ಕೆ ನಿಜವಾದ ತೋಟಾ, ಕೆಲವಕ್ಕೆ ಮದ್ದಿಲ್ಲದ ಡಮ್ಮಿ ತೋಟಾ ತುಂಬಿಸಿ. ಯಾವುದು ಎಲ್ಲಿದೆ ಎಂದು ನಿಮಗೆ ಗೊತ್ತಿರಬಾರದು. ಡಮ್ಮಿ ಬಂದಾಗ ಬರೀ ಕ್ಲಿಕ್ ಎನ್ನುತ್ತದೆ. ಆ ಕ್ಷಣ ನಳಿಗೆಯ ತುದಿ ಅಲುಗಾಡದಿದ್ದರೆ ನೀವು ಗೆದ್ದಿರಿ. ಕೆಳಕ್ಕೆ ಮುಗ್ಗರಿಸಿದರೆ ಮತ್ತೆ 38ಕ್ಕೆ ಹೋಗಿ. ನಾಚಿಕೆ ಏನೂ ಬೇಡ. ಕಾಗುಣಿತ ಗಟ್ಟಿಯಾಗದೆ ಹಳಗನ್ನಡ ಓದಲು ಆಗುತ್ತದೆಯೇ? ನಿಮ್ಮ ಜೀವನದ ಮೊಟ್ಟಮೊದಲ ಬಂದೂಕೇ ಇದಾದರೆ ಇನ್ನೂ ಒಂದು ಮೆಟ್ಟಿಲು ಕೆಳಗಿನಿಂದ ಶುರುಮಾಡಿ. ರೇಂಜಿನಲ್ಲಿ ಬಾಡಿಗೆಗೆ ಸಿಗುವ 22ರಲ್ಲಿ ಕೆಲವು ವಾರ ಕಳೆಯಿರಿ.

ಇನ್ನು ಭಾರ. ನ್ಯೂಟನ್ ಮಹಾಶಯನ ಮೂರನೇ ನಿಯಮ ಶಾಲೆಯಲ್ಲಿ ಓದಿದ್ದೀರಿ. ಗುಂಡು ಮುಂದೆ ಹೋದಷ್ಟೂ ರಿವಾಲ್ವರ್ ಹಿಂದೆ ಬರುತ್ತದೆ, ಅದು ಭಾರವಾಗಿದ್ದಷ್ಟೂ ನಿಧಾನವಾಗಿ ಬರುತ್ತದೆ. 357ರಲ್ಲಿ 350 ಗ್ರಾಂ ಆಸುಪಾಸಿನ, ಜೇಬಿಗೆ ಇಳಿಯುವ ಪುಟಾಣಿಗಳೂ ಸಿಗುತ್ತವೆ. ಅಂಗಡಿಯಲ್ಲಿ ಎತ್ತಿ ನೋಡಿದಾಗ ಎಷ್ಟು ಹಗುರ ಎಂದು ಖುಷಿಯಾಗುತ್ತದೆ. ಮ್ಯಾಗ್ನಂ ತೋಟಾ ಹಾಕಿ ಹೊಡೆದಾಗ ಒಂದು ಸಿಲಿಂಡರ್ ಮುಗಿಸುವುದರೊಳಗೆ ಅಂಗೈ ಕೆಂಪಾಗುತ್ತದೆ. ಗುರಿ ಕಲಿಯುವವರಿಗೆ ಅದು ಬೇಡ. ಸ್ಮಿತ್ ಅಂಡ್ ವೆಸನ್ 686, ರೂಗರ್ ಜಿಪಿ100, ಕೋಲ್ಟ್ ಪೈಥಾನ್ ಇವೆಲ್ಲ ಒಂದು ಕಿಲೋ ದಾಟುವ ಉಕ್ಕಿನ ರಿವಾಲ್ವರುಗಳು. ಮೊದಲೆರಡು 1980ರ ದಶಕದಲ್ಲಿ ಬಂದವು. ಪೈಥಾನ್ 1955ರದ್ದು, ನಡುವೆ ನಿಂತುಹೋಗಿ 2020ರಲ್ಲಿ ಮತ್ತೆ ಬಂತು. ಬೆಲೆಯಲ್ಲಿ ಸಾಮಾನ್ಯವಾಗಿ ಅದೇ ಮೇಲು. ಕಲಿಯುವವರಿಗೆ ಮೂರರಲ್ಲಿ ಯಾವುದಾದರೂ ಸಾಕು. ನಿಮ್ಮ ಕೈಗೆ ಯಾವುದು ಹೊಂದುತ್ತದೆ ಎನ್ನುವುದು ಮುಖ್ಯ.

ಕೈಗೆ ಹೊಂದುವುದು ಅಂದರೇನು? ರಿವಾಲ್ವರಿನ ಹಿಡಿ ಅಂಗೈ ನಡುವೆ ಕೂತಾಗ, ತೋರುಬೆರಳಿನ ಮೊದಲ ಗೆಣ್ಣಿನ ಭಾಗ ಟ್ರಿಗರಿಗೆ ಸಲೀಸಾಗಿ ಮುಟ್ಟಬೇಕು. ಅದಕ್ಕಾಗಿ ಮಣಿಕಟ್ಟು ತಿರುಚಬೇಕಾದರೆ ಅದು ನಿಮ್ಮದಲ್ಲ. ನನ್ನಂಥ ಚಿಕ್ಕ ಕೈಯವರಿಗೆ ಕೆಲವು ಹಿಡಿಗಳು ದಪ್ಪವಾಗುತ್ತವೆ. ಹಿಡಿ ಬದಲಾಯಿಸಬಹುದು, ಕಡಿಮೆ ಖರ್ಚಿನಲ್ಲಿ ರಬ್ಬರಿನದು ಸಿಗುತ್ತದೆ. ನಳಿಗೆ ಆರಿಂಚಾದರೆ ಮುಂದಿನ ಸೈಟಿಗೂ ಹಿಂದಿನ ಸೈಟಿಗೂ ದೂರ ಹೆಚ್ಚಿ ಗುರಿಯ ತಪ್ಪು ಬೇಗ ಕಾಣುತ್ತದೆ. ನಾಲ್ಕಿಂಚಾದರೆ ಮುಂಭಾರ ಕಡಿಮೆ, ಕೈ ಬೇಗ ದಣಿಯುವುದಿಲ್ಲ. ಎರಡನ್ನೂ ಬಾಡಿಗೆಗೆ ಪಡೆದು ಹೊಡೆದು ನೋಡಿ. ಸೀರೆಯನ್ನು ಫೋಟೋ ನೋಡಿ ಕೊಳ್ಳಬಹುದು, ಚಪ್ಪಲಿಯನ್ನು ಹಾಕಿ ನೋಡದೆ ಕೊಳ್ಳಬಾರದು. ಇದು ಚಪ್ಪಲಿಯ ಜಾತಿ.

ಈ ರಿವಾಲ್ವರುಗಳನ್ನು ಎರಡು ಬಗೆಯಲ್ಲಿ ಹೊಡೆಯಬಹುದು. ಹ್ಯಾಮರನ್ನು ಹೆಬ್ಬೆರಳಿನಿಂದ ಹಿಂದಕ್ಕೆಳೆದು ನಿಲ್ಲಿಸಿಕೊಂಡರೆ ಟ್ರಿಗರ್ ಹಗುರ, ಮೂರ್ನಾಲ್ಕು ಪೌಂಡ್ ಒತ್ತಿದರೆ ಸಾಕು. ಇದು ಸಿಂಗಲ್ ಆ್ಯಕ್ಷನ್. ಹ್ಯಾಮರ್ ಮುಟ್ಟದೆ ಟ್ರಿಗರನ್ನೇ ಪೂರ್ತಿ ಎಳೆದರೆ ಸಿಲಿಂಡರೂ ತಿರುಗಬೇಕು, ಹ್ಯಾಮರೂ ಏಳಬೇಕು, ಹಾಗಾಗಿ ಹತ್ತು ಪೌಂಡಿನ ಆಸುಪಾಸು ಬಲ ಬೇಕು. ಇದು ಡಬಲ್ ಆ್ಯಕ್ಷನ್. ನಿಧಾನದ ಗುರಿಗೆ ಮೊದಲನೆಯದು ಚೆನ್ನ. ಬೆರಳು ಪಳಗಬೇಕಾದರೆ ಎರಡನೆಯದನ್ನು ಅಭ್ಯಾಸ ಮಾಡಬೇಕು.

ಸೆಕೆಂಡ್‌ಹ್ಯಾಂಡ್ ಕೊಳ್ಳುವುದಾದರೆ ಗೊತ್ತಿದ್ದವರೊಬ್ಬರನ್ನು ಕರೆದುಕೊಂಡು ಹೋಗಿ. ಖಾಲಿ ಇದೆ ಎಂದು ಎರಡು ಸಲ ನೋಡಿಕೊಂಡ ಮೇಲೆ, ಹ್ಯಾಮರ್ ಎಳೆದಾಗ ಸಿಲಿಂಡರ್ ಪ್ರತಿ ಕೋಣೆಯಲ್ಲೂ ಸರಿಯಾಗಿ ಬಂದು ಬೀಗ ಹಾಕಿಕೊಳ್ಳುತ್ತದೆಯೇ, ಹಿಂದೆ ಮುಂದೆ ಅಲ್ಲಾಡುತ್ತದೆಯೇ, ನಳಿಗೆಯ ಹಿಂತುದಿಯಲ್ಲಿ ಬಿರುಕಿದೆಯೇ ಎಂದು ನೋಡಿಸಿ.

ಪಿಸ್ತೂಲಿಗಿಲ್ಲದ ಒಂದು ಅಪಾಯ ರಿವಾಲ್ವರಿಗಿದೆ. ಸಿಲಿಂಡರಿಗೂ ನಳಿಗೆಗೂ ನಡುವೆ ಕೂದಲೆಳೆಯ ಸಂದು. ಗುಂಡು ಹಾರಿದಾಗ ಆ ಸಂದಿನಿಂದ ಸುಡುವ ಅನಿಲ ಪಕ್ಕಕ್ಕೆ ಚಿಮ್ಮುತ್ತದೆ. ಮ್ಯಾಗ್ನಂ ಆದರೆ ಬೆರಳನ್ನು ಕೊಯ್ದು ಹಾಕುವಷ್ಟು ಜೋರಾಗಿ. ಪಿಸ್ತೂಲು ಹಿಡಿದು ಅಭ್ಯಾಸವಿದ್ದವರು ಎಡಗೈ ಹೆಬ್ಬೆರಳನ್ನು ಮುಂದಕ್ಕೆ ಚಾಚುತ್ತಾರೆ, ಇಲ್ಲಿ ಹಾಗೆ ಮಾಡಬೇಡಿ. ಬೆರಳುಗಳೆಲ್ಲ ಸಿಲಿಂಡರಿನ ಮುಂಭಾಗಕ್ಕಿಂತ ಹಿಂದೆಯೇ ಇರಲಿ.

ಎರಡು ಸದ್ದುಗಳನ್ನೂ ನೆನಪಿಡಿ. ಟ್ರಿಗರ್ ಎಳೆದರೂ ಬರೀ ಕ್ಲಿಕ್ ಎಂದು ಗುಂಡು ಹಾರದಿದ್ದರೆ, ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಿರಿ. ಮದ್ದು ತಡವಾಗಿ ಹೊತ್ತಿಕೊಳ್ಳಬಹುದು. ಢಂ ಎನ್ನುವ ಬದಲು ಪುಸ್ ಎಂದರೆ ಅಲ್ಲಿಗೇ ನಿಲ್ಲಿಸಿ, ರೇಂಜ್ ಅಧಿಕಾರಿಯನ್ನು ಕರೆಯಿರಿ. ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆಯೇ ಸಿಡಿಯಬಹುದು.

ಉಳಿದದ್ದು ಎಲ್ಲ ಬಂದೂಕಿಗೂ ಒಂದೇ. ಯಾವಾಗಲೂ ತುಂಬಿದೆ ಎಂದೇ ತಿಳಿಯಿರಿ. ಹಾಳಾಗಬಾರದ ಯಾವುದರ ಕಡೆಗೂ ನಳಿಗೆ ತಿರುಗಿಸಬೇಡಿ. ಸೈಟು ಗುರಿಯ ಮೇಲೆ ಕೂರುವತನಕ ಬೆರಳು ಟ್ರಿಗರಿನ ಹೊರಗೆ. ಗುರಿಯನ್ನೂ ಅದರ ಹಿಂದೆ ಏನಿದೆ ಎಂಬುದನ್ನೂ ನೋಡಿಕೊಳ್ಳಿ. ಕಣ್ಣಿಗೆ ಕನ್ನಡಕ ಹಾಕಿ. 140 ಡೆಸಿಬೆಲ್ ದಾಟಿದ ಸಿಡಿತ ಒಂದೇ ಸಲಕ್ಕೆ ಕಿವಿ ಕೆಡಿಸಬಲ್ಲದು, 357 ಮ್ಯಾಗ್ನಂ 160ರ ಆಚೆ. ಒಳಾಂಗಣ ರೇಂಜಿನಲ್ಲಿ ಕಿವಿಯೊಳಗೆ ಪ್ಲಗ್, ಮೇಲೆ ಇಯರ್‌ಮಫ್, ಎರಡೂ ಇರಲಿ. ಗುಂಡಿನಲ್ಲಿ ಸೀಸವಿದೆ, ಆದ್ದರಿಂದ ಕೈತೊಳೆಯದೆ ತಿಂಡಿ ಮುಟ್ಟಬೇಡಿ. ಮನೆಯಲ್ಲಿ ಎಳೆಯ ಮಕ್ಕಳಿದ್ದರೆ ಬಟ್ಟೆ ಬದಲಾಯಿಸದೆ ಎತ್ತಿಕೊಳ್ಳಬೇಡಿ.

ಈಗ ಕಾನೂನು. ಪರವಾನಗಿ ಪಡೆದ ಅಂಗಡಿಯಿಂದ ಹ್ಯಾಂಡ್‌ಗನ್ ಕೊಳ್ಳಲು ನಿಮಗೆ 21 ತುಂಬಿರಬೇಕು. 4473 ಎಂಬ ಫಾರಂ ತುಂಬಬೇಕು, ಹಿನ್ನೆಲೆ ತಪಾಸಣೆ ಆಗುತ್ತದೆ. ಅದರಲ್ಲಿ ಸುಳ್ಳು ಬರೆದರೆ ಫೆಡರಲ್ ಅಪರಾಧ. ನಿಮ್ಮ ರಾಜ್ಯದಲ್ಲಿ ಗಾಂಜಾಕ್ಕೆ ಅನುಮತಿ ಇದ್ದರೂ ಫೆಡರಲ್ ಕಾನೂನಿನಲ್ಲಿ ಇಲ್ಲ ಎಂದು ಆ ಫಾರಂ ಎಚ್ಚರಿಸುತ್ತದೆ. ಕೊಳ್ಳಲು ಅರ್ಹತೆ ಇಲ್ಲದ ಗೆಳೆಯನಿಗಾಗಿ ನಿಮ್ಮ ಹೆಸರಲ್ಲಿ ಕೊಂಡುಕೊಟ್ಟರೆ ಅದೂ ಅಪರಾಧ. ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಸುರಕ್ಷತಾ ಪರೀಕ್ಷೆ ಪಾಸಾಗಬೇಕು, 10 ದಿನ ಕಾಯಬೇಕು. ಇಲಿನಾಯ್‌ನಲ್ಲಿ ಫಾಯಿಡ್ ಕಾರ್ಡ್ ಬೇಕು. ನ್ಯೂಜೆರ್ಸಿಯಲ್ಲಿ ಕೊಳ್ಳುವುದಕ್ಕೇ ಪರ್ಮಿಟ್ ಬೇಕು.

ನಮ್ಮವರ ಮನೆಗಳಿಗೆ ತಾಗುವ ಒಂದು ವಿಷಯ ಗಮನವಿಟ್ಟು ಕೇಳಿ. ನೀವು ಇಲ್ಲೇ ಹುಟ್ಟಿದವರು, ಪ್ರಜೆಗಳು. ಆದರೆ ಹಾಸನದಿಂದ ಎಂ.ಎಸ್. ಮಾಡಲು ಬಂದ ನಿಮ್ಮ ಚಿಕ್ಕಪ್ಪನ ಮಗ ಎಫ್-1ರಲ್ಲಿದ್ದಾನೆ, ನಿಮ್ಮ ಭಾವ ಎಚ್-1ಬಿಯಲ್ಲಿದ್ದಾರೆ. ವಲಸೆಯದ್ದಲ್ಲದ ಇಂಥ ವೀಸಾದವರು ಬಂದೂಕನ್ನಾಗಲೀ ತೋಟಾವನ್ನಾಗಲೀ ಇಟ್ಟುಕೊಳ್ಳುವುದು ಫೆಡರಲ್ ಕಾನೂನಿನಲ್ಲಿ ನಿಷಿದ್ಧ. ರಾಜ್ಯ ಕೊಡುವ ಬೇಟೆ ಪರವಾನಗಿಯಂಥ ಕೆಲವೇ ವಿನಾಯಿತಿಗಳಿವೆ. "ಬಾರೋ, ಒಂದು ಗುಂಡು ಹೊಡೆದು ನೋಡು" ಎಂದು ಪ್ರೀತಿಯಿಂದ ಕೈಗೆ ಕೊಟ್ಟರೂ ಅವನ ವೀಸಾಕ್ಕೆ ಕುತ್ತು ಬರಬಹುದು. ಮೊದಲು ವಕೀಲರನ್ನು ಕೇಳಿ, ಆಮೇಲೆ ಕರೆಯಿರಿ.

ಇನ್ನು ಅಮ್ಮನಿಗೆ ಹೇಳುವ ವಿಷಯ. ಕಾನೂನಿನ ಪ್ರಕಾರ ನೀವು ದೊಡ್ಡವರು, ಅಪ್ಪಣೆ ಬೇಕಿಲ್ಲ. ಆದರೆ ಅಪ್ಪ ಅಮ್ಮನ ಮನೆಯಲ್ಲೇ ಇದ್ದೀರಾದರೆ ಆ ಪೆಟ್ಟಿಗೆ ಬರುವುದು ಎಲ್ಲರೂ ಇರುವ ಮನೆಗೆ. ಆ ಮನೆಗೆ ಆರು ತಿಂಗಳಿಗೆಂದು ಊರಿನಿಂದ ಅಜ್ಜಿ ತಾತ ಬರುತ್ತಾರೆ. ದಸರೆಗೆ ಬೊಂಬೆ ನೋಡಲು ಹತ್ತು ಮಕ್ಕಳು ಬಂದು ಮನೆಯೆಲ್ಲ ಓಡಾಡುತ್ತವೆ. ತಮ್ಮನಿಗೆ ಕಾಲೇಜಿನ ಚಿಂತೆ. ಅಮೆರಿಕದಲ್ಲಿ ಬಂದೂಕಿನಿಂದಾಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ನಮ್ಮ ಮನೆಗಳಲ್ಲಿ ಮನಸ್ಸಿನ ನೋವನ್ನು ಬಾಯಿಬಿಟ್ಟು ಹೇಳುವವರು ಕಡಿಮೆ, ಅದು ನಿಮಗೂ ಗೊತ್ತು. ಯಾರ ಮನಸ್ಸು ಯಾವಾಗ ಕುಸಿದಿದೆ ಎಂದು ತಿಳಿಯದಿರುವಾಗ ಬೀಗವೇ ಕಾಯಬೇಕು.

ಆದ್ದರಿಂದ ರಿವಾಲ್ವರಿಗೆ ಮೊದಲು ಅದನ್ನಿಡುವ ಕಬ್ಬಿಣದ ಪೆಟ್ಟಿಗೆ ಬರಲಿ. ಗೋಡೆಗೋ ನೆಲಕ್ಕೋ ಬೋಲ್ಟ್ ಹಾಕಿದ್ದಿರಲಿ. ತೋಟಾ ಬೇರೆ ಪೆಟ್ಟಿಗೆಯಲ್ಲಿ, ಬೇರೆ ಬೀಗದಲ್ಲಿ ಇರಲಿ. ಅದರ ಸಂಖ್ಯೆ ನಿಮ್ಮ ಹುಟ್ಟಿದ ದಿನಾಂಕವಾಗಿರದಿರಲಿ, ತಮ್ಮ ಮೊದಲು ಒತ್ತಿ ನೋಡುವುದೇ ಅದನ್ನು. ಮನೆಯಲ್ಲಿ ಯಾರಿಗಾದರೂ ಕಷ್ಟದ ಕಾಲ ಬಂದರೆ, ಅದು ನೀವೇ ಆಗಿರಲಿ, ಅದನ್ನು ಮನೆಯಿಂದ ಹೊರಗಿಡಿ. ಕೆಲವು ರೇಂಜುಗಳೂ ಅಂಗಡಿಗಳೂ ಇಟ್ಟುಕೊಳ್ಳುತ್ತವೆ, ಮೊದಲೇ ವಿಚಾರಿಸಿಕೊಂಡಿರಿ. ಮಾತಾಡಬೇಕು ಅನ್ನಿಸಿದರೆ ಹಗಲು ರಾತ್ರಿ ಯಾವಾಗ ಬೇಕಾದರೂ 988ಕ್ಕೆ ಕರೆ ಮಾಡಿ. ಅಮ್ಮ ಬೇಡವೇ ಬೇಡ ಎಂದರೆ ಆ ಮನೆಯಲ್ಲಿರುವಷ್ಟು ದಿನ ಬಾಡಿಗೆ ರಿವಾಲ್ವರಿನಲ್ಲೇ ಕಲಿಯಿರಿ. ಗುರಿ ಕಲಿಯುವುದಕ್ಕೆ ಅದು ನಿಮ್ಮ ಸ್ವಂತದ್ದೇ ಆಗಬೇಕೆಂದಿಲ್ಲ.

ಗುರಿಯ ಹವ್ಯಾಸ ನಮಗೇನೂ ಹೊಸದಲ್ಲ. ಕೊಡಗಿನವರ ಕೈಲ್‌ಪೋಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವೂ ಇರುತ್ತದೆ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದರು, 2016ರ ರಿಯೊ ಒಲಿಂಪಿಕ್ಸಿಗೂ ಹೋದರು. ಆ ಬೆಳ್ಳಿ ಬಂದದ್ದು 10 ಮೀಟರ್ ಏರ್ ಪಿಸ್ತೂಲಿನಲ್ಲಿ. ಅದರಲ್ಲಿ ಮದ್ದೂ ಇಲ್ಲ, ಸಿಡಿಮದ್ದಿನ ಸದ್ದೂ ಇಲ್ಲ. ಪದಕ ತಂದದ್ದು ಅಲುಗದ ಕೈ.

ನಿಮ್ಮ ಲೆಕ್ಕ ಹೀಗಿರಲಿ. ಕೈಯಲ್ಲಿರುವ ಹಣವನ್ನೆಲ್ಲ ರಿವಾಲ್ವರಿಗೇ ಸುರಿಯಬೇಡಿ. ಪೆಟ್ಟಿಗೆ, ಇಯರ್‌ಮಫ್, ಕನ್ನಡಕ, ತರಬೇತಿಯ ಶುಲ್ಕ, 50ರಂತೆ ಬರುವ 38 ಸ್ಪೆಷಲ್ ಡಬ್ಬಗಳು, ಇವಕ್ಕೆಲ್ಲ ಮೊದಲೇ ತೆಗೆದಿಡಿ. ಏಳು ಗಜ ದೂರದಿಂದ ಶುರುಮಾಡಿ. ಮೊದಲ 500 ಗುಂಡು 38ರವೇ ಆಗಿರಲಿ. ಆರಕ್ಕೆ ಆರೂ ಒಂದು ಸಾಸರಿನಷ್ಟು ಜಾಗದಲ್ಲಿ ಬೀಳತೊಡಗಿದ ಮೇಲೆ, ಸಿಲಿಂಡರಿನ ಕೋಣೆಗಳನ್ನು ಬ್ರಷ್ಷಿನಿಂದ ಚೆನ್ನಾಗಿ ಉಜ್ಜಿ. ಚಿಕ್ಕ ತೋಟಾ ಬಿಟ್ಟುಹೋದ ಮಸಿಯ ಉಂಗುರ ಉದ್ದದ ತೋಟಾವನ್ನು ಒಳಗೆ ಕೂರಲು ಬಿಡುವುದಿಲ್ಲ. ಆಮೇಲೆ ಒಂದೇ ಒಂದು 357 ತೋಟಾ ಹಾಕಿ, ಉಳಿದ ಕೋಣೆಗಳನ್ನು ಖಾಲಿ ಬಿಡಿ. ನಿಧಾನವಾಗಿ ಉಸಿರು ಬಿಟ್ಟು ಟ್ರಿಗರ್ ಒತ್ತಿ.

ಹೇಗಿತ್ತು ಎಂದು ನಮ್ಮ ಬಾನುಲಿಗೆ ಬರೆದು ತಿಳಿಸಿ, ಕನ್ನಡದಲ್ಲೇ. ಒತ್ತಕ್ಷರ ತಪ್ಪಿದರೂ ಪರವಾಗಿಲ್ಲ. ನಮಸ್ಕಾರ.